ತೋಡಿನ ನಡುವಿನ ಒಲೆ

ಹೋದ ಜನವರಿಯಲ್ಲಿ ಅತ್ತೆ ಫೋನು ಮಾಡಿದರು. ಮಕ್ಕಳ ಕೆಮ್ಮು, ಮಸ್ಕತ್‌ನಲ್ಲಿರುವ ತಮ್ಮ ಮಗನ ಕೆಲಸ, ಬಿ.ಸಿ.ರೋಡಿನ ನಮ್ಮ ಬಾಡಿಗೆ ಮನೆಯ ಸೆಕೆ, ಎಲ್ಲವನ್ನೂ ಒಂದೊಂದು ಮಾತಿನಲ್ಲಿ ವಿಚಾರಿಸಿ ಮುಗಿಸಿದ ಮೇಲೆ ನಿಜವಾದ ವಿಷಯಕ್ಕೆ ಬಂದರು. "ಬರುವಾಗ ಬಾವಿಗೆ ಒಂದು ಹಗ್ಗ ತಾ ಮಗಾ. ನೈಲಾನಿದ್ದು ಬೇಡ, ಅದು ಅಂಗೈ ಕೊಯ್ತದೆ. ನಾರಿದ್ದೇ ಆಗ್ಬೇಕು."

ಸಿದ್ಧಕಟ್ಟೆಯಲ್ಲಿ ಬಸ್ಸಿಳಿದು ಅಂಗಡಿಯಲ್ಲಿ ಕೇಳಿದೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ದನ ಕಟ್ಲಿಕ್ಕಾ ಅಕ್ಕ?"

"ಬಾವಿಗೆ."

"ಪಂಪು ಇಲ್ವಾ?"

"ಉಂಟು."

"ನಳ್ಳಿ ನೀರು ಬರ್ಲಿಲ್ವಾ ಅಲ್ಲಿಗೆ?"

"ಅದೂ ಬಂದಿದೆ."

ಅವನು ಅಟ್ಟಕ್ಕೆ ಹತ್ತಿ, ಧೂಳು ಕೊಡವಿ, ತೆಂಗಿನ ನಾರಿನ ಒಂದು ಸುರುಳಿಯನ್ನು ಇಳಿಸಿಕೊಟ್ಟ. ಅದನ್ನು ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು ರಿಕ್ಷಾ ಹತ್ತಿದೆ.

ಅತ್ತೆಯ ಊರು ನೇರೊಳ್ದಡಿಗೆ ಹೋಗುವ ದಾರಿಯಲ್ಲಿ ಈಗ ತೋಡಿಗೆ, ಅಂದರೆ ಊರ ಹಳ್ಳಕ್ಕೆ, ಅಡ್ಡ ಕಾಂಕ್ರೀಟಿನ ಕಿಂಡಿ ಅಣೆಕಟ್ಟು ಆಗಿದೆ, ಮೇಲೆ ಸೇತುವೆಯೂ ಉಂಟು. ಅಂದು ಅಲ್ಲಿ ರಿಕ್ಷಾ ನಿಂತಿತು. ಪಂಚಾಯತ್‌ನ ಕೆಲಸದವರು ಕಿಂಡಿಗಳಿಗೆ ಹಲಗೆ ಇಳಿಸುತ್ತಿದ್ದರು. ಎರಡು ಸಾಲು ಹಲಗೆಗಳ ನಡುವೆ ಮಣ್ಣು ತುಂಬಿ ಕಾಲಿನಿಂದ ತುಳಿಯುತ್ತಿದ್ದರು. ಬೂದುಬಣ್ಣದ ಜೇಡಿಮಣ್ಣು, ಅದರೊಳಗೆ ಕಾಡುಸೊಪ್ಪು. ನೀರು ತಾಗಿ ಅದರ ವಾಸನೆ ಎದ್ದಿತ್ತು. ಹಳೆಯ ಮಡಕೆಯೊಳಗೆ ಮುಖ ಇಟ್ಟ ಹಾಗೆ, ತಂಪಾಗಿ, ಸ್ವಲ್ಪ ಕಹಿಯಾಗಿ. ರಿಕ್ಷಾದವನು "ಕೂತುಕೊಳ್ಳಿ, ಈಗ ಬಿಡ್ತಾರೆ" ಎಂದ. ನಾನು ಆಗಲೇ ಇಳಿದು ಕೆಳಗೆ ಬಗ್ಗಿ ನೋಡುತ್ತಿದ್ದೆ. ನಡುವಿನ ಕಂಬದ ಬುಡದಲ್ಲಿ ಆನೆಪಾದೆಯ ಬೆನ್ನು ಇಷ್ಟೇ ಇಷ್ಟು ಕಾಣುತ್ತಿತ್ತು.

ಆ ಬಂಡೆಯ ಮೇಲೆ ಅತ್ತೆ ಒಲೆ ಹೂಡಿದ ವರ್ಷ ನಾನು ನೇರೊಳ್ದಡಿಗೆ ಮದುವೆಯಾಗಿ ಬಂದು ಹೆಚ್ಚು ಕಾಲ ಆಗಿರಲಿಲ್ಲ. ನನ್ನ ತವರು ವಿಟ್ಲದ ಪೇಟೆಯ ಹತ್ತಿರ. ಬಸ್ಸಿನ ಹಾರ್ನು ಕೇಳುತ್ತಾ ಬೆಳೆದವಳು. ಗಂಡ ಮದುವೆಯ ರಜೆ ಮುಗಿಸಿ ಮಸ್ಕತ್‌ಗೆ ಹೋದ ಮೇಲೆ ನನಗೆ ಆ ಊರನ್ನು ತೋರಿಸಿಕೊಟ್ಟವರು ಅತ್ತೆಯೇ. ಊರಿಗೆಲ್ಲ ಅವರು ಕಮಲಕ್ಕ. ಅವರ ಜೊತೆ ಸೊಪ್ಪು ತರಲು, ಸೌದೆ ತರಲು ಹೋದಾಗ ಅವರು ಹೇಳುತ್ತಿದ್ದದ್ದೇ ನನಗೆ ಭೂಗೋಳ, ಅದೇ ಚರಿತ್ರೆ. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಬರೆಯುವಾಗ ಕನ್ನಡ ಮಾಡಿದ್ದೇನೆ, ಅತ್ತೆಯ ದನಿ ಅಷ್ಟಕ್ಕೆ ಮಾಸುವಂಥದ್ದಲ್ಲ.

ನೇರೊಳ್ದಡಿ ಎಂದರೆ ನೇರಳೆ ಮರದ ಅಡಿ. ಮರ ಈಗ ಇಲ್ಲ, ಅತ್ತೆಯೂ ನೋಡಿದವರಲ್ಲ. ಘಟ್ಟದ ಮೇಲಿನಿಂದ ಹೇರೆತ್ತುಗಳನ್ನು ಹೊಡೆದುಕೊಂಡು ಮೂಡುಬಿದಿರೆಗೆ ಹೋಗುವ ವ್ಯಾಪಾರಿಗಳು ಆ ಮರದಡಿಯಲ್ಲಿ ಮೂಟೆ ಇಳಿಸಿ, ತೋಡಿನಲ್ಲಿ ಎತ್ತುಗಳಿಗೆ ನೀರು ಕುಡಿಸಿ ಹೋಗುತ್ತಿದ್ದರಂತೆ. "ಅವರು ಕೂತದ್ದಕ್ಕೇ ಇದು ಊರಾದದ್ದು. ಇಲ್ಲದಿದ್ದರೆ ಇಲ್ಲಿ ಎಂಥ ಉಂಟು, ಗುಡ್ಡೆ ಮತ್ತು ನರಿ" ಎನ್ನುತ್ತಿದ್ದರು ಅತ್ತೆ.

ಮೂರು ತಾಲೂಕುಗಳು ಬಂದು ಮೂತಿ ತಾಗಿಸುವ ಜಾಗ ಅದು. ತೋಡಿನ ಈಚೆ ದಡ, ಅಂದರೆ ನಮ್ಮ ಮನೆಯ ಕಡೆ, ಬಂಟ್ವಾಳ. ಆಚೆ ದಡ ಬೆಳ್ತಂಗಡಿ. ತೋಡು ಹುಟ್ಟಿ ಬರುವ ಮೇಲಿನ ಗುಡ್ಡ ಮೊದಲು ಮಂಗಳೂರಿನದ್ದಾಗಿತ್ತು, ಈಗ ಮೂಡುಬಿದಿರೆ. ನಮ್ಮ ದನ ಬೆಳಿಗ್ಗೆ ಬಂಟ್ವಾಳದಲ್ಲಿ ಹಾಲು ಕೊಟ್ಟು, ಮಧ್ಯಾಹ್ನ ಮೂಡುಬಿದಿರೆಯಲ್ಲಿ ಮೇದು, ಸಂಜೆ ಬೆಳ್ತಂಗಡಿಯ ಗದ್ದೆಗೆ ಬಾಯಿ ಹಾಕಿ ಬೈಗುಳ ತಿಂದು ಬರುತ್ತಿತ್ತು. ಅಣ್ಣತಮ್ಮಂದಿರು ಒಂದೇ ಕಾಗದಕ್ಕೆ ಬೇರೆ ಬೇರೆ ಆಫೀಸುಗಳಿಗೆ ಹೋಗಬೇಕು. ತೋಡು ಮಾತ್ರ ಯಾವ ಆಫೀಸಿಗೂ ಹೋಗದೆ ಕಲ್ಲು ಬಳಸಿ, ಕಾಡು ಬಳಸಿ, ಕಡೆಗೆ ಫಲ್ಗುಣಿ ನದಿಗೆ ಸೇರುತ್ತಿತ್ತು.

ದಡಗಳ ಮಣ್ಣು ಕೂಡ ಬೇರೆ. ನಮ್ಮ ಕಡೆಯದು ಮುರಕಲ್ಲಿನ ನೆಲ. ಕೆಂಪು, ತೂತು ತೂತು, ನೀರು ಹೊಯ್ದರೆ ಬುಟ್ಟಿಗೆ ಹೊಯ್ದ ಹಾಗೆ. ಆಚೆ ಕಡೆಯದು ಜೇಡಿ. ಕಾಲಿಟ್ಟರೆ ಚಪ್ಪಲಿ ಬಿಟ್ಟು ಬರಬೇಕು. ಅಲ್ಲಿ ಒಲೆಗುಂಡು ಹೂಡಲಿಕ್ಕೂ ಸರಿಯಾದ ಕಲ್ಲು ಸಿಗುವುದಿಲ್ಲ. ನಮ್ಮಲ್ಲಿ ಕಲ್ಲು, ಅವರಲ್ಲಿ ಮಣ್ಣು. ದೇವರು ಹಂಚಿದ್ದೇ ಹಾಗೆ. ಹಾಗಾಗಿ ಬೇಸಗೆಗೆ ಮೊದಲು ತೋಡಿಗೆ ಅಡ್ಡ ಹಾಕುವ ಕಟ್ಟ ಒಂದು ದಡದವರಿಂದ ಆಗುವ ಕೆಲಸವಾಗಿರಲಿಲ್ಲ. ಈಚೆಯವರ ಕಲ್ಲು, ಅಡಿಕೆ ಮರದ ಕಾಂಡ, ಆಚೆಯವರ ಜೇಡಿಮಣ್ಣು. ಸೊಪ್ಪು ಸೇರಿಸಿ ತುಳಿದು ಆನೆಪಾದೆಯಿಂದ ಎರಡೂ ಕಡೆಗೆ ಕಟ್ಟ ಕಟ್ಟಿದರೆ, ಮಳೆ ಬರುವವರೆಗೆ ನೀರು ನಿಲ್ಲುತ್ತಿತ್ತು. ಆ ನೀರು ನೆಲಕ್ಕೆ ಇಳಿದು ಎಲ್ಲರ ಬಾವಿಗಳನ್ನು ಹಿಡಿದು ನಿಲ್ಲಿಸುತ್ತಿತ್ತು. ಕಟ್ಟದ ಮೇಲೆಯೇ ಆಚೀಚೆ ಓಡಾಟವೂ ಆಗುತ್ತಿತ್ತು.

ಒಂದು ಕಾಲದಲ್ಲಿ ಕಟ್ಟ ಹಾಕಿಸುವುದು ಆಚೆ ದಡದ ಬೀಡಿನ, ಅಂದರೆ ದೊಡ್ಡ ಮನೆಯ, ಜೈನ ಒಡೆಯರ ಕರ್ತವ್ಯ, ಅದಕ್ಕೆ ಮೈ ಬಗ್ಗಿಸುವುದು ಎರಡೂ ದಡದ ಒಕ್ಕಲುಗಳ ಕರ್ತವ್ಯ. ಭೂಸುಧಾರಣೆಯ ಡಿಕ್ಲರೇಶನಿನ ಕಾಲದಲ್ಲಿ ಗದ್ದೆಗಳು ಉಳುವವರ ಹೆಸರಿಗೆ ಆದವು. ಕಟ್ಟ ಯಾರ ಹೆಸರಿಗೂ ಆಗಲಿಲ್ಲ. ಆಗ ಹಿರಿಯರು ಸೇರಿ ಒಂದು ಕ್ರಮ ಮಾಡಿದರು. ಕಟ್ಟದ ದಿನದ ಗಂಜಿ ಒಂದು ವರ್ಷ ಈಚೆ ದಡದ್ದು, ಮರುವರ್ಷ ಆಚೆ ದಡದ್ದು. ಯಾರ ಸರದಿಯೋ ಅವರು ಧನು ತಿಂಗಳಲ್ಲಿ ಒಂದು ಬೆಳಿಗ್ಗೆ ದಡದಲ್ಲಿ ನಿಂತು ಕೂಗಿ ಕರೆಯಬೇಕು. ಈಚೆ ಕಡೆ ಆ ಗಂಜಿ ಬೇಯುವುದು ನಮ್ಮ ಮನೆಯಲ್ಲಿ, ಆಚೆ ಕಡೆ ಬೀಡಿನಲ್ಲಿ.

ನಾನು ಹೇಳುತ್ತಿರುವ ವರ್ಷ ಧನು ತಿಂಗಳು ಬಂತು, ಹೋಯಿತು. ಕೂಗು ಬರಲಿಲ್ಲ.

ಆದದ್ದಿಷ್ಟೇ. ಅದರ ಹಿಂದಿನ ವರ್ಷ ಸರದಿ ಆಚೆಯವರದ್ದು. ಆದರೆ ಕಟ್ಟದ ಹೊತ್ತಿಗೆ ಬೀಡಿನ ಧರ್ಮರಾಜಣ್ಣನ ತಾಯಿ ತೀರಿಕೊಂಡರು. ಸೂತಕದ ಮನೆಯಲ್ಲಿ ಊರಿಗೆ ಗಂಜಿ ಬೇಯಿಸುವ ಹಾಗಿಲ್ಲ. ಧರ್ಮರಾಜಣ್ಣ ಅಕ್ಕಿ, ಹುರುಳಿ, ಬೆಲ್ಲ ಕಳಿಸಿದರು, ಅತ್ತೆ ನಮ್ಮ ಮನೆಯಲ್ಲಿ ಬೇಯಿಸಿದರು. ಆಗ ಎಲ್ಲರೂ ಹೊಟ್ಟೆ ತುಂಬ ಉಂಡು ಹೋದರು, ಯಾರಿಗೂ ಏನೂ ಅನಿಸಲಿಲ್ಲ. ವರ್ಷ ತಿರುಗಿದಾಗ ಲೆಕ್ಕ ಎರಡಾಯಿತು. ನಮ್ಮ ಕಡೆಯವರು ಹೇಳುವುದು, "ಹೋದ ವರ್ಷ ನಮ್ಮ ಒಲೆ ಉರಿದದ್ದಲ್ವಾ? ಈ ಸಲ ಅವರದ್ದು." ಅವರ ಕಡೆಯವರು ಹೇಳುವುದು, "ಹೋದ ವರ್ಷ ನಮ್ಮ ಅಕ್ಕಿ ಬೆಂದದ್ದಲ್ವಾ? ಈ ಸಲ ಅವರದ್ದು."

ಹಾಗಾದರೆ ಹೋಗಿ ಕೇಳಬಹುದಿತ್ತಲ್ಲ ಎಂದು ಪೇಟೆಯಿಂದ ಬಂದ ನಾನು ಅಂದೆ. ಮಾವನಿಗೆ ಉಣ್ಣುತ್ತಿದ್ದ ತುತ್ತು ನೆತ್ತಿಗೆ ಹತ್ತಿತು.

"ಕೇಳುವುದಾ? ಎಂಥ ಅಂತ ಕೇಳುವುದು? ಈ ಸಲ ನಮಗೆ ಗಂಜಿ ಕೊಡ್ತೀರಾ ಅಂತವಾ? ಮೋನಪ್ಪ ಗಂಜಿಗೆ ಗತಿ ಇಲ್ಲದೆ ಬಂದ ಅಂತ ಆಗ್ಲಿಕ್ಕಾ?"

"ಹಾಗಾದ್ರೆ ನಾವೇ ಕರೆದುಬಿಡುವ ಮಾವ."

"ಸರದಿ ಇಲ್ಲದೆ ಕರೆಯುವುದು ಅಂದ್ರೆ, ನಿಮಗೆ ಮರೆತುಹೋಗಿದೆ, ನಿಮ್ಮಿಂದ ಆಗುವುದಿಲ್ಲ ಅಂತ ಮುಖಕ್ಕೆ ಹೇಳಿದ ಹಾಗೆ. ತಾಯಿ ಹೋದ ಮನೆ ಅದು. ಅವರಿಗೆ ಬೇಸರ ಮಾಡ್ಲಿಕ್ಕೆ ನಾನಿಲ್ಲ."

ಜಗಳವಾಗಿದ್ದರೆ ರಾಜಿ ಮಾಡಿಸಬಹುದಿತ್ತು. ಇದು ಮರ್ಯಾದೆ. ಮಾವ ಮತ್ತು ಧರ್ಮರಾಜಣ್ಣ ಸಿದ್ಧಕಟ್ಟೆಯ ಹೋಟೆಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಚಾ ಕುಡಿಯುತ್ತಿದ್ದರು. ಕಾಳುಮೆಣಸಿಗೆ ಬಂದ ರೋಗ, ಮಂಗಗಳ ಉಪದ್ರ, ವೇಣೂರಿನ ಬಸ್ಸು ತಡವಾದದ್ದು, ಎಲ್ಲ ಮಾತಾಡುತ್ತಿದ್ದರು. ಕಟ್ಟದ ಸುದ್ದಿ ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ. ಒಬ್ಬರಿಗೊಬ್ಬರು ಚಾದ ದುಡ್ಡು ಕೊಡಲು ಎಳೆದಾಡಿ ಎದ್ದು ಬರುತ್ತಿದ್ದರು. ಇತ್ತ ತೋಡು ದಿನದಿಂದ ದಿನಕ್ಕೆ ಬಡವಾಗುತ್ತಾ ಹೋಯಿತು. ಮೊದಲು ಅದರ ಸದ್ದು ನಿಂತಿತು. ಮತ್ತೆ ಅಂಚಿನ ಕಲ್ಲುಗಳು ಒಣಗಿ ಬಿಳಿ ಬಿಟ್ಟವು.

ಅತ್ತೆಗೆ ಮಾತ್ರ ಬಾವಿಯ ಚಿಂತೆ. ನಮ್ಮ ಬಾವಿ ಅಂಗಳದ ಬದಿಯಲ್ಲಿ, ದಾರಿಗೆ ಹತ್ತಿರ. ಮುರಕಲ್ಲನ್ನೇ ಕಡಿದು ಇಳಿಸಿದ್ದು, ಊರಿಗೆಲ್ಲ ಆಳ. ಬೇಸಗೆ ಜೋರಾದ ಮೇಲೆ ಮೇಲಿನ ಗುಡ್ಡದ ಮನೆಗಳ ಹೆಂಗಸರು ಕೊಡ ಹಿಡಿದು ಅಲ್ಲಿಗೇ ಇಳಿದು ಬರುತ್ತಿದ್ದರು. ಈ ಬಾವಿಗೂ ಹಿಂದೆ ಯಾರು ಸೇದಬೇಕು, ಯಾರು ದೂರ ನಿಲ್ಲಬೇಕು ಎಂಬ ಕೆಟ್ಟ ಲೆಕ್ಕ ಇತ್ತಂತೆ. ಅತ್ತೆಯ ಅತ್ತೆ ಒಂದು ಬೇಸಗೆಯಲ್ಲಿ, ಬಸುರಿ ಹೆಂಗಸೊಬ್ಬಳು ಬಿಸಿಲಲ್ಲಿ ನಿಂತು ಯಾರಾದರೂ ಹೊಯ್ದುಕೊಡಲಿ ಎಂದು ಕಾಯುವುದನ್ನು ನೋಡಿ, ಅವಳ ಕೈಗೇ ಹಗ್ಗ ಕೊಟ್ಟರು. ಮನೆಯಲ್ಲಿ ದೊಡ್ಡ ರಂಪವಾಯಿತಂತೆ. ಮುದುಕಿ ಹಗ್ಗ ಬಿಚ್ಚಲು ಬಿಡಲಿಲ್ಲ. ಸಾಯುವಾಗ ಸೊಸೆಗೆ ಹೇಳಿದ್ದು ಒಡವೆಯ ಮಾತಲ್ಲ, "ಕೊಡ ಹಿಡಿದು ಬಂದವರಿಗೆ ಇಲ್ಲ ಅನ್ಬೇಡ" ಎಂದು. ಅಂದಿನಿಂದ ಆ ಹಗ್ಗ ಹಗಲೂ ರಾತ್ರಿ ರಾಟೆಯಲ್ಲೇ ಇರುತ್ತಿತ್ತು. ಅತ್ತೆ ಆವರೆಗೆ ಯಾರಿಗೂ ಇಲ್ಲ ಎಂದದ್ದಿಲ್ಲ.

"ಕಟ್ಟ ಇಲ್ಲದೆ ಬಾವಿ ಬಿಸು ಹಬ್ಬ ಕಾಣುವುದಿಲ್ಲ" ಎಂದರು ಒಂದು ಬೆಳಿಗ್ಗೆ, ಕೊಡ ಎಳೆಯುತ್ತಾ. "ನಾನು ಅವರಿಗೆಲ್ಲ ಎಂಥ ಹೇಳ್ಲಿ?"

ಮಾವ ಜಗಲಿಯಿಂದಲೇ, "ಹಗ್ಗ ಕಡಿದಿದೆ ಅಂತ ಹೇಳಿದ್ರಾಯ್ತು" ಎಂದರು.

"ನಿಮ್ಮ ಸುಳ್ಳಿನ ಭಾರ ಹಗ್ಗ ಯಾಕೆ ಹೊರ್ಬೇಕು?" ಎಂದರು ಅತ್ತೆ. ಮಾವ ಪೇಪರಿನ ಹಿಂದೆ ಮರೆಯಾದರು.

ಆಚೆ ದಡದ ಸುದ್ದಿ ತರುತ್ತಿದ್ದವನು ಮೀನಿನ ಇಬ್ರಾಯಿ. ಸ್ಕೂಟರಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಮೂರೂ ತಾಲೂಕು ಸುತ್ತುತ್ತಿದ್ದ. ಬೀಡಿಗೆ ಮೀನು ಹೋಗುವುದಿಲ್ಲ. ಅದರ ಎದುರು ಅವನು ಹಾರ್ನು ಕೂಡ ಹೊಡೆಯುತ್ತಿರಲಿಲ್ಲ, ಗಾಡಿ ನ್ಯೂಟ್ರಲ್ ಮಾಡಿ ಇಳಿಜಾರಿನಲ್ಲಿ ಮೆಲ್ಲ ಜಾರಿಸಿಕೊಂಡು ಹೋಗುತ್ತಿದ್ದ. ಶಿವರಾತ್ರಿ ಹತ್ತಿರ ಬರುತ್ತಿದ್ದ ಆ ದಿನಗಳಲ್ಲಿ ಒಮ್ಮೆ ಅವನು ಅಂಗಳದಲ್ಲಿ ಬಂಗುಡೆ ಎಣಿಸುತ್ತಾ ಸಂಕಟ ತೋಡಿಕೊಂಡ.

"ಕಮಲಕ್ಕ, ಕಟ್ಟ ಇದ್ದಿದ್ರೆ ಗಾಡಿ ಇಲ್ಲಿಟ್ಟು, ಬುಟ್ಟಿ ತಲೆಗಿಟ್ಟು ಆಚೆ ದಾಟ್ತಿದ್ದೆ. ಈಗ ರೋಡು ಸುತ್ತಿ ಹೋಗುವಾಗ ಮೀನಿಗೇ ವಯಸ್ಸಾಗ್ತದೆ. ಎಂಥ ನಿಮ್ಮದು? ಅಲ್ಲಿ ಕೇಳಿದ್ರೆ ಈಚೆಯವರು ಕರೀಲಿ ಅಂತಾರೆ. ಇಲ್ಲಿ ಕೇಳಿದ್ರೆ ಆಚೆಯವರು ಕರೀಲಿ ಅಂತೀರಿ."

"ಹಾಗೆ ಹೇಳ್ತಾರಾ? ಯಾರು ಹೇಳಿದ್ದು?"

"ಎಲ್ಲರೂ. ಧರ್ಮರಾಜಣ್ಣ ದಿನಾ ಬೆಳಿಗ್ಗೆ ದಡಕ್ಕೆ ಬಂದು ನಿಂತು ಕಿವಿ ಕೊಟ್ಟು ಹೋಗ್ತಾರಂತೆ. ಜೇಡಿಮಣ್ಣು ಅಗೆಸಿ ರಾಶಿ ಹಾಕಿಸಿದ್ದಾರೆ. ಅದು ಒಣಗಿ ಕಲ್ಲಾಗ್ತಾ ಉಂಟು. ನೀವು ಮರ್ಯಾದಸ್ಥರು ಮಾರಾಯ್ರೆ. ನಮ್ಮವರಾದ್ರೆ ಇಷ್ಟು ಹೊತ್ತಿಗೆ ಎರಡು ಸಲ ಜಗಳ ಆಗಿ ಮೂರು ಸಲ ಒಂದಾಗ್ತಿದ್ರು."

ಅತ್ತೆ ನಗಲಿಲ್ಲ. ಮೀನು ಒಳಗಿಡಲು ನನಗೆ ಹೇಳಿ, ತೋಡಿನ ಕಡೆ ನೋಡುತ್ತಾ ಬಹಳ ಹೊತ್ತು ನಿಂತರು. ನಮ್ಮ ಕಡೆಯೂ ಕಲ್ಲುಗಳು ದಡದಲ್ಲಿ ಒಟ್ಟಿಕೊಂಡೇ ಇದ್ದವು. ಮಾವನೇ ಯಾರಿಗೂ ಹೇಳದೆ ಹಾಕಿಸಿದ್ದರು. ಮಣ್ಣು ಅಲ್ಲಿ ಕಾಯುತ್ತಿತ್ತು, ಕಲ್ಲು ಇಲ್ಲಿ ಕಾಯುತ್ತಿತ್ತು.

ಮರುದಿನ ನಸುಕಿನಲ್ಲಿ ಎದ್ದಾಗ ಅತ್ತೆ ಆಗಲೇ ಹುರುಳಿ ಹುರಿಯುತ್ತಿದ್ದರು. ನಮ್ಮ ಮನೆಯ ಹುರುಳಿ ಚಟ್ನಿ ಎಂದರೆ ಬೆಳ್ಳುಳ್ಳಿ ಮುಂದೆ, ಹುರುಳಿ ಹಿಂದೆ. ನಾನು ಬೆಳ್ಳುಳ್ಳಿ ಸುಲಿಯಲು ಕೂತೆ.

"ಅದು ಬೇಡ ಇವತ್ತು" ಎಂದರು.

"ಬೆಳ್ಳುಳ್ಳಿ ಇಲ್ಲದೆ ಮಾವ ಉಣ್ತಾರಾ?"

"ಮಾವ ಮಾತ್ರ ಉಣ್ಣುವುದಾ ಇವತ್ತು?"

ಆಗ ನನಗೆ ಗೊತ್ತಾಯಿತು, ಈ ಚಟ್ನಿ ಬೀಡಿನವರು ಉಣ್ಣಬೇಕಾದದ್ದು ಎಂದು. ಬೆಳ್ಳುಳ್ಳಿ ಬದಿಗಿಟ್ಟೆ. ಗಂಜಿಯ ದೊಡ್ಡ ತೋಪು, ಕುಚ್ಚಲಕ್ಕಿ, ಒಣ ಸೌದೆ, ತೆಂಗಿನ ಗೆರಟೆ, ಉಪ್ಪಿನಕಾಯಿಯ ಭರಣಿ ಎಲ್ಲ ಹೊತ್ತುಕೊಂಡು ನಾವಿಬ್ಬರೂ ತೋಡಿಗೆ ಇಳಿದೆವು. ನೀರು ಪಾದ ಮುಳುಗುವಷ್ಟೇ ಇತ್ತು. ಅತ್ತೆ ನೆಟ್ಟಗೆ ಆನೆಪಾದೆಯ ಮೇಲೆ ಹತ್ತಿದರು. ಆ ಬಂಡೆ ತೋಡಿನ ನಟ್ಟನಡುವೆ, ಆನೆ ಮಲಗಿದ ಹಾಗೆ. ಅದು ಬಂಟ್ವಾಳವೋ ಬೆಳ್ತಂಗಡಿಯೋ ಎಂದು ಅಳೆಯಲು ಯಾರೂ ಬಂದಿರಲಿಲ್ಲ.

ಈಚೆಯ ಕಲ್ಲುರಾಶಿಯಿಂದ ಮೂರು ಕಲ್ಲು ತಂದು ಒಲೆ ಹೂಡಿದರು. ಕಲ್ಲುಗಳ ಸಂದಿಗೆ ಮೆತ್ತಲು ಮಣ್ಣು ಬೇಕಾಯಿತು. "ಆಚೆಯ ರಾಶಿಯಿಂದ ಒಂದು ಬೊಗಸೆ ತಾ" ಎಂದರು. ನಾನು ಹೋಗಿ, ಕದ್ದವಳ ಹಾಗೆ ಅತ್ತಿತ್ತ ನೋಡಿ, ಜೇಡಿ ಕಿತ್ತು ತಂದೆ. ನೀರಲ್ಲಿ ನಾದಿ ಮೆತ್ತಿದೆವು. ಬೆಂಕಿ ಹಿಡಿದಾಗ ಒದ್ದೆ ಜೇಡಿಯ ವಾಸನೆ ಎದ್ದಿತು. ಹೋದ ಜನವರಿಯಲ್ಲಿ ಸೇತುವೆಯ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ವಾಸನೆ.

ಹೊಗೆ ತೋಡಿನ ಉದ್ದಕ್ಕೆ ಮಲಗಿ, ಮತ್ತೆ ಮೆಲ್ಲಗೆ ಎದ್ದಿತು. ಮೊದಲು ಬಂದವರು ಮಾವ. ದಡದಲ್ಲಿ ನಿಂತು ಲುಂಗಿ ಎತ್ತಿ ಕಟ್ಟುತ್ತಾ, "ಇದೆಂಥ ಮಾರಾಯ್ತಿ, ಮನೆಯಲ್ಲಿ ಒಲೆ ಇಲ್ವಾ ನಿನಗೆ?" ಎಂದರು.

"ಮನೆಯ ಒಲೆಗೆ ಸರದಿ ಉಂಟಲ್ಲ. ಇದಕ್ಕೆ ಇಲ್ಲ."

ಮಾವನ ಹಿಂದೆ ನಮ್ಮ ಕಡೆಯ ನಾಲ್ಕಾರು ಜನ ಬಂದು ನಿಂತರು. ಆಚೆ ದಡದಲ್ಲೂ ತಲೆಗಳು ಕಂಡವು. ಯಾರೂ ನೀರಿಗೆ ಇಳಿಯಲಿಲ್ಲ. ಅತ್ತೆ ಸೌಟಿನಿಂದ ಗಂಜಿ ತಿರುವುತ್ತಾ ಯಾರನ್ನೂ ನೋಡದೆ ಕೂತಿದ್ದರು. ಯಾರೂ ಇಳಿಯದೆ ಹೋದರೆ ಆ ತೋಪು ಗಂಜಿಯನ್ನು ಹೊತ್ತುಕೊಂಡು ಎರಡೂ ದಡಗಳ ಎದುರು ನಾವು ಮನೆಗೆ ನಡೆಯಬೇಕಿತ್ತು.

ಆಮೇಲೆ ಧರ್ಮರಾಜಣ್ಣ ಬಂದರು. ಬಿಳಿ ಪಂಚೆ, ಹೆಗಲಿಗೆ ಬೈರಾಸು. ದಡದ ತುದಿಯಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು.

"ಕಮಲಕ್ಕ, ಎಂಥ ವಿಶೇಷ? ಯಾರ ಲೆಕ್ಕದ ಗಂಜಿ ಇದು?"

"ಯಾರ ಲೆಕ್ಕದ್ದೂ ಅಲ್ಲ ಧರ್ಮರಾಜಣ್ಣ. ಅಕ್ಕಿ ಸ್ವಲ್ಪ ಜಾಸ್ತಿ ಬಿದ್ದುಹೋಯ್ತು."

"ಸ್ವಲ್ಪ ಜಾಸ್ತಿಯಾ? ಎರಡು ಗ್ರಾಮಕ್ಕೆ ಸಾಕಲ್ಲ ಅದು."

"ಹಾಗೆ ಕಾಣ್ತದೆ. ಆದ್ರೆ ಸುಮ್ಮನೆ ಬಡಿಸ್ಲಿಕ್ಕಿಲ್ಲ. ಕಾಲಿಗೆ ಮಣ್ಣಾದವರಿಗೆ ಮಾತ್ರ."

ಧರ್ಮರಾಜಣ್ಣ ಮಾವನನ್ನು ನೋಡಿದರು. ಮಾವ ನೀರನ್ನು ನೋಡಿದರು. ಇಬ್ಬರಲ್ಲಿ ಯಾರು ಮೊದಲು ಇಳಿದರೂ ಅದು ಇನ್ನೊಂದು ಲೆಕ್ಕವಾಗುತ್ತಿತ್ತೇನೋ. ಅಷ್ಟರಲ್ಲಿ ಧರ್ಮರಾಜಣ್ಣ ಮೂಗು ಎತ್ತಿ, "ಹುರುಳಿ ಚಟ್ನಿಯಾ?" ಎಂದರು.

"ಹೌದು. ಬೆಳ್ಳುಳ್ಳಿ ಹಾಕ್ಲಿಲ್ಲ."

ಹಿಂದಿನ ವರ್ಷ ಸೂತಕದಲ್ಲಿದ್ದ ಧರ್ಮರಾಜಣ್ಣನ ಮನೆಗೆ ಅತ್ತೆ ಬೇರೆಯೇ ಪಾತ್ರೆಯಲ್ಲಿ ಕಳಿಸಿದ್ದು ಇದೇ ಚಟ್ನಿಯನ್ನು. ಅದು ಅವರಿಗೆ ನೆನಪಾಯಿತೋ ಏನೋ, ಬೈರಾಸನ್ನು ತಲೆಗೆ ಸುತ್ತಿದರು. "ಮೋನಪ್ಪಣ್ಣ, ನನ್ನ ಮಣ್ಣು ಒಣಗಿಹೋಗಿದೆ. ನೀರು ಹಾಕಿ ತುಳೀಬೇಕು. ನೀವು ಕಲ್ಲು ಶುರು ಮಾಡಿ."

"ನಾನು ಆಗ್ಲೇ ಶುರು ಮಾಡಿದ್ದೇನೆ" ಎಂದರು ಮಾವ. ನಿಜವಾಗಿ ಅವರು ಅದನ್ನು ಹೇಳಿದ ಮೇಲೆ ನೀರಿಗೆ ಇಳಿದದ್ದು.

ಆ ದಿನ, ಮತ್ತೆ ಮರುದಿನ, ತೋಡಿನಲ್ಲಿ ಗಲಾಟೆಯೇ ಗಲಾಟೆ. ಎರಡು ತಿಂಗಳು ಬಾಯಿ ಕಟ್ಟಿಕೊಂಡಿದ್ದವರು ಒಟ್ಟಿಗೆ ಬಿಚ್ಚಿದರು. "ಮಣ್ಣು ತುಳಿಯುವುದಾ, ಭರತನಾಟ್ಯವಾ ಅದು?" "ನಿಮ್ಮ ಕಲ್ಲಿಗೆ ನಾಲ್ಕೂ ಕಡೆ ಮೂಲೆಯೇ ಮಾರಾಯ್ರೆ, ಕೂರಿಸುವುದು ಹೇಗೆ?" ಇಬ್ರಾಯಿ ಕೂಡ ಪ್ಯಾಂಟು ಮಡಚಿ ಇಳಿದು ಸೊಪ್ಪು ಹೊತ್ತ. ಗಂಜಿಗೆ ಕೂತಾಗ ಚಟ್ನಿ ಬಾಯಿಗಿಟ್ಟು, "ಇದರಲ್ಲಿ ಏನೋ ಕಡಿಮೆ ಉಂಟಲ್ಲ ಕಮಲಕ್ಕ" ಎಂದ. "ನಿನ್ನ ಮೀನು" ಎಂದರು ಅತ್ತೆ. ಧರ್ಮರಾಜಣ್ಣ ಅನ್ನ ಗಂಟಲಿಗೆ ಸಿಕ್ಕುವಷ್ಟು ನಕ್ಕರು. ಎರಡನೆಯ ದಿನ ಬಿಸಿಲು ಇಳಿಯುವ ಮೊದಲು, ಬೀಡಿನವರ ಊಟದ ಹೊತ್ತು ಮೀರದ ಹಾಗೆ, ಕಟ್ಟದ ಬಾಯಿ ಮುಚ್ಚಿತು. ನೀರು ಒಂದು ಸಲ ಹಿಂದೆ ನೋಡಿದ ಹಾಗೆ ತಿರುಗಿ, ಸುಮ್ಮನೆ ನಿಂತಿತು.

ಕಥೆಯಾಗಿದ್ದರೆ ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಕಟ್ಟ ತಡವಾಗಿತ್ತು. ತೋಡಿನಲ್ಲಿ ನೀರು ಏರಿತು, ಬಾವಿಯಲ್ಲಿ ಏರಲಿಲ್ಲ. ನೆಲ ಅಷ್ಟು ಹೊತ್ತಿಗೆ ಬಹಳ ಬಾಯಾರಿತ್ತು, ಮೊದಲು ತಾನೇ ಕುಡಿಯಿತು. ಅತ್ತೆಯೂ ನಾನೂ ಸ್ನಾನಕ್ಕೆ, ಬಟ್ಟೆಗೆ ಕಟ್ಟದ ನೀರಿಗೇ ಹೋಗತೊಡಗಿದೆವು. ಮಾವನಿಗೂ ಅದೇ ಆಜ್ಞೆ. ಪಂಪಿನ ಫ್ಯೂಸು ತೆಗೆದು ಅತ್ತೆ ಸಾಸಿವೆ ಡಬ್ಬಿಯಲ್ಲಿ ಇಟ್ಟರು. ಬಾವಿಯ ನೀರು ಕುಡಿಯಲು ಮಾತ್ರ, ಅದೂ ಬಂದವರಿಗೆ ಮೊದಲು. ಮೇಲಿನ ಗುಡ್ಡದ ಹೆಂಗಸರು ಬರುತ್ತಲೇ ಇದ್ದರು. ಅವರಿಗೂ ಕಣ್ಣಿತ್ತು. ಎರಡು ಕೊಡ ತರುತ್ತಿದ್ದವರು ಒಂದೇ ತರತೊಡಗಿದರು, ಅದನ್ನೂ ಬಾಯಿ ತನಕ ತುಂಬಿಸುತ್ತಿರಲಿಲ್ಲ. ಅತ್ತೆಗೆ ಅದೇ ಹೆಚ್ಚು ಸಂಕಟ. "ಅವರು ಕಡಿಮೆ ತೆಗೆದ್ರೆ ನಾನು ಅರ್ಧ ಇಲ್ಲ ಅಂದ ಹಾಗಲ್ವಾ?" ಎನ್ನುತ್ತಿದ್ದರು.

ಏಪ್ರಿಲಿನ ಬಿಸು ಹಬ್ಬಕ್ಕೆ ಹೊಸ ಸೌತೆ, ಕಣಿ ಎಲ್ಲ ಇಟ್ಟೆವು. ಹಬ್ಬದ ಸಂಜೆ ಕೊನೆಯ ಕೊಡ ಎಳೆದವಳು ಗುಡ್ಡದ ಮೇಲಿನ ಒಬ್ಬ ಬಾಣಂತಿಯ ತಾಯಿ. ಕೊಡ ಕೆಳಗೆ ಕಲ್ಲಿಗೆ ತಾಗಿ ಟಣ್ ಎಂದಿತು. ಮೇಲೆ ಬಂದದ್ದು ಅರ್ಧ ನೀರು, ಅರ್ಧ ಕೆಂಪು ಕೆಸರು. ಅವಳು ಅದನ್ನೇ ಸೆರಗಿನಲ್ಲಿ ಸೋಸಿಕೊಂಡು ಹೋದಳು. ಅತ್ತೆ ಬಾವಿಯ ಕಟ್ಟೆಯ ಮೇಲೆ ಕೂತು, ತಮಗೆ ತಾವೇ ಎಂಬಂತೆ, ಆ ಮಾತನ್ನು ಬಾಯಲ್ಲಿ ಹಾಕಿ ನೋಡಿದರು. "ನೀರು ಇಲ್ಲ." ಮತ್ತೆ ನನ್ನ ಕಡೆ ತಿರುಗಿ, "ಹೇಳ್ಲಿಕ್ಕೆ ಬರ್ತದೆ ಮಗಾ. ನಾಳೆ ಹೇಳ್ಬೇಕು" ಎಂದರು.

ಮರುದಿನ ಬೆಳಿಗ್ಗೆ ಕಟ್ಟದ ಮೇಲೆ ನಡೆದುಕೊಂಡು ಮೊದಲು ಬಂದವರು ಧರ್ಮರಾಜಣ್ಣ. ಎರಡೂ ಕೈಯಲ್ಲಿ ಹಿತ್ತಾಳೆಯ ಕೊಡಗಳು. ಅಂಗಳದ ಅಂಚಿನಲ್ಲಿ ನಿಂತರು. ಒಂದು ಕಾಲದಲ್ಲಿ ನಮ್ಮ ಮನೆಯವರು ಗೇಣಿಯ ಅಕ್ಕಿ ಹೊತ್ತುಕೊಂಡು ಹೋಗಿ ಬೀಡಿನ ಅಂಗಳದ ಅಂಚಿನಲ್ಲಿ ನಿಲ್ಲುತ್ತಿದ್ದರು ಎಂದು ಅತ್ತೆಯೇ ನನಗೆ ಹೇಳಿದ್ದರು, ಸರಿಯಾಗಿ ಹಾಗೆಯೇ.

"ಬೋರ್‌ವೆಲ್‌ನಲ್ಲಿ ಗಾಳಿ ಬರ್ತಾ ಉಂಟು ಕಮಲಕ್ಕ" ಎಂದರು. "ಬಸದಿಯ ಪೂಜೆಗೆ, ಕುಡೀಲಿಕ್ಕೆ, ಎರಡು ಕೊಡ ಸಿಕ್ಕೀತಾ?"

ಮಾವ ಜಗಲಿಯಲ್ಲಿ ಎದ್ದು ನಿಂತರು. ನಾನು ಅತ್ತೆಯ ಮುಖ ನೋಡಿದೆ. ರಾತ್ರಿಯಿಡೀ ಕಲಿತ ಮಾತು ಅವರ ತುಟಿಯವರೆಗೆ ಬಂದದ್ದು ನನಗೆ ಗೊತ್ತಾಯಿತು.

"ಅಂಗಳದ ಹೊರಗೆ ಯಾಕೆ ನಿಂತ್ರಿ? ಬನ್ನಿ" ಎಂದರು ಅತ್ತೆ. ರಾಟೆಯಿಂದ ಹಗ್ಗದ ತುದಿ ಬಿಡಿಸಿ ಅವರ ಕೈಗೆ ಕೊಟ್ಟರು. "ಸೇದಿ ನೋಡಿ."

ಹಗ್ಗ ಕೆಳಗೆ ಇಳಿಯಿತು. ರಾಟೆ ಕಿರುಗುಟ್ಟಿತು. ನಿನ್ನೆ ಇಳಿದಷ್ಟು ಆಳಕ್ಕೆ ಹಗ್ಗ ಇಳಿಯುವ ಮೊದಲೇ, ಕೆಳಗಿನಿಂದ ಬಂದದ್ದು ಕಲ್ಲಿನ ಸದ್ದಲ್ಲ. ಗುಳುಂ ಎಂದು, ಮುಳುಗುವ ಕೊಡದ ತುಂಬು ಸದ್ದು.

ಧರ್ಮರಾಜಣ್ಣನಿಗೆ ಅದರಲ್ಲಿ ವಿಶೇಷವೇನೂ ಕೇಳಿಸಲಿಲ್ಲ. ಎಳೆದು ಒಂದು ಕೊಡ ತುಂಬಿದರು, ಮತ್ತೊಂದು ತುಂಬಿದರು. ನೀರಿಗೆ ಸ್ವಲ್ಪ ಬೂದುಬಣ್ಣ ಇತ್ತು. ಬೊಗಸೆಯಲ್ಲಿ ಕುಡಿದು, "ನಮ್ಮ ಜೇಡಿಯ ರುಚಿ ಉಂಟಲ್ಲ ಇದಕ್ಕೆ" ಎಂದರು.

"ಇರ್ಬಹುದು" ಎಂದರು ಅತ್ತೆ. "ನಮ್ಮ ಕಲ್ಲಿನ ತಂಪೂ ಉಂಟು."

ಅವರು ಕೊಡ ಹೊತ್ತು ಕಟ್ಟ ದಾಟಿ ಆಚೆ ದಡ ಸೇರುವವರೆಗೆ ಅತ್ತೆ ನೋಡುತ್ತಾ ನಿಂತಿದ್ದರು. ಆಮೇಲೆ ಬಾವಿಯ ಕಟ್ಟೆ ಹಿಡಿದು ಕೂತು, ಸೆರಗು ಮುಖಕ್ಕೆ ಒತ್ತಿಕೊಂಡು, ಶಬ್ದವಿಲ್ಲದೆ ಅತ್ತರು. ಮಾವ ಬಂದು ಪಕ್ಕದಲ್ಲಿ ನಿಂತರು. ಬಹಳ ಹೊತ್ತು ಯೋಚಿಸಿ, "ಫ್ಯೂಸು ಎಲ್ಲಿಟ್ಟಿದ್ದಿ?" ಎಂದು ಕೇಳಿದರು.

ಆ ವರ್ಷದ ನಂತರ ಸರದಿ ಎಂಬುದು ಇರಲಿಲ್ಲ. ಕಾಂಕ್ರೀಟಿನ ಕಟ್ಟ ಬರುವವರೆಗೂ ಗಂಜಿ ಆನೆಪಾದೆಯ ಮೇಲೆಯೇ ಬೇಯುತ್ತಿತ್ತು, ಅಕ್ಕಿ ಎರಡೂ ಕಡೆಯಿಂದ ಬರುತ್ತಿತ್ತು, ಚಟ್ನಿಗೆ ಬೆಳ್ಳುಳ್ಳಿ ಇರುತ್ತಿರಲಿಲ್ಲ.

ಹೋದ ಜನವರಿಯಲ್ಲಿ ಸೇತುವೆ ದಾಟಿ ನಾನು ಮನೆ ಮುಟ್ಟಿದಾಗ ಅತ್ತೆ ಅಂಗಳದಲ್ಲಿ ಕಾಯುತ್ತಿದ್ದರು. ಮಾವ ಈಗ ಇಲ್ಲ. ಮೈದುನ, ಅವನ ಹೆಂಡತಿ, ಎರಡು ಮಕ್ಕಳು ಇದ್ದಾರೆ, ಮನೆ ತುಂಬ ಗದ್ದಲ. ಗುಡ್ಡದ ಮನೆಗಳಿಗೆಲ್ಲ ನಳ್ಳಿ ಬಂದಿದೆ. ಬಾವಿಗೆ ಕೊಡ ಹಿಡಿದು ಬಂದವರನ್ನು ನೋಡಿ ಎಷ್ಟೋ ವರ್ಷವಾಯಿತು ಎಂದು ಓರಗಿತ್ತಿ ನಗುತ್ತಾ ಹೇಳಿದಳು. ಅತ್ತೆಗೆ ಕಿವಿ ಸ್ವಲ್ಪ ಮಂದ. ಕೇಳಿಸಲಿಲ್ಲ, ಅಥವಾ ಕೇಳಿಸಿಕೊಳ್ಳಲಿಲ್ಲ. ಹಗ್ಗದ ಸುರುಳಿ ಬಿಚ್ಚಿ, ಎಳೆ ಎಳೆಯಾಗಿ ಬೆರಳಲ್ಲಿ ತಿಕ್ಕಿ ನೋಡಿ, "ಒಳ್ಳೇದುಂಟು" ಎಂದರು.

ಹಳೆಯ ಹಗ್ಗ ಬಿಚ್ಚಿದೆ. ಅದು ಸವೆದಿರಲಿಲ್ಲ, ಬಿಸಿಲಿಗೆ ಒಣಗಿ ಪುಡಿಯಾಗುತ್ತಿತ್ತು ಅಷ್ಟೆ. ಹೊಸದನ್ನು ರಾಟೆಗೆ ಹಾಕುತ್ತಾ, ಸುಮ್ಮನೆ ಅವರ ಬಾಯಿಂದ ಮಾತು ಬರಲಿ ಎಂದು ಕೇಳಿದೆ. "ಇನ್ನು ಯಾರು ಬರ್ತಾರೆ ಅತ್ತೆ ಇಲ್ಲಿಗೆ ನೀರಿಗೆ?"

ಅತ್ತೆ ಹಗ್ಗದ ತುದಿಯನ್ನು ಕೊಡದ ಕೊರಳಿಗೆ ಬಿಗಿಯುತ್ತಿದ್ದರು. ಗಂಟು ಸರಿಯಾಯಿತೇ ಎಂದು ಒಮ್ಮೆ ಜಗ್ಗಿ ನೋಡಿದರು.

"ಬಂದ್ರೆ?" ಎಂದರು.